ಖುದ್ದು ಹಾಜರಿ

ಭಾನುವಾರ ಬೆಳಿಗ್ಗೆ ಪ್ರೇಮಕುಮಾರ ಕನ್ನಡಿಯ ಮುಂದೆ ನಿಂತು, ಎಡಗೆನ್ನೆಯ ಗಡ್ಡ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚಿಕೊಳ್ಳುತ್ತ, ನಮ್ಮ ದೇಶದ ನಾಯಕರು ಯುರೋಪಿನ ಆ ರಾಜಧಾನಿಗೆ ಹೋಗಬೇಕಿತ್ತು ಎಂಬ ಮಾತನ್ನು ಇನ್ನೊಂದು ಸಲ ಹೇಳಿ ನೋಡಿದ. ‘ಹೋಗಬೇಕಿತ್ತು’ ಎಂಬಲ್ಲಿ ದನಿ ಏರಿಸಬೇಕೋ ಇಳಿಸಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಏರಿಸಿದರೆ ಚುನಾವಣೆಯ ಭಾಷಣವಾಗುತ್ತಿತ್ತು, ಇಳಿಸಿದರೆ ಸಂಜೆ ಜಗತ್ ವೃತ್ತದ ಆಟೋಗಳ ಸದ್ದಿನಲ್ಲಿ ಮುಳುಗಿಹೋಗುವ ಭಯ. ಕೆಲವು ದಿನಗಳ ಹಿಂದೆ ಆ ಊರಿನ ರೈಲು ನಿಲ್ದಾಣದಲ್ಲಿ ಉಗ್ರರು ಬಾಂಬು ಸಿಡಿಸಿ ಜನರನ್ನು ಕೊಂದಿದ್ದರು. ಆಮೇಲೆ ಅಲ್ಲಿ ನಡೆದ ಸಂತಾಪದ ಮೆರವಣಿಗೆಗೆ ಎಷ್ಟೋ ದೇಶಗಳ ಪ್ರಧಾನಿಗಳೂ ಅಧ್ಯಕ್ಷರೂ ವಿಮಾನ ಹತ್ತಿ ಬಂದು ತೋಳಿಗೆ ತೋಳು ಸೇರಿಸಿ ನಡೆದರು. ನಮ್ಮ ಪರವಾಗಿ ನಡೆದದ್ದು ಮೊದಲಿಂದಲೂ ಅಲ್ಲೇ ಇದ್ದ ರಾಯಭಾರಿ. ಟಿವಿಯಲ್ಲಿ ಆ ಮನುಷ್ಯ ಕೊನೆಯ ಸಾಲಿನಲ್ಲಿ, ಬೇರೆಯವರ ಮದುವೆಗೆ ಬಂದವನ ಹಾಗೆ ನಿಂತಿದ್ದನ್ನು ನೋಡಿ ಪ್ರೇಮಕುಮಾರನಿಗೆ ನಿಜಕ್ಕೂ ಅವಮಾನವಾಗಿತ್ತು. ಕಲಬುರಗಿಯ ಖಾಸಗಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನಿಗೆ ದೇಶದ ಪರವಾಗಿ ಅವಮಾನಪಡುವುದು ಸಂಬಳದಲ್ಲೇ ಸೇರಿದ ಕೆಲಸ.

ಅಂದೇ ಸಂಜೆ ಕೂತು ‘ಖುದ್ದು ಹಾಜರಿ’ ಎಂಬ ಲೇಖನ ಬರೆದ. ಊರಿನ ಪತ್ರಿಕೆ ಅದನ್ನು ಒಳಪುಟದಲ್ಲಿ, ಕೊಳವೆಬಾವಿ ಕೊರೆಯುವವರ ಜಾಹೀರಾತಿನ ಪಕ್ಕಕ್ಕೆ ಹಾಕಿತು. ‘ಪ್ರತಿನಿಧಿಯನ್ನು ಕಳಿಸುವವನು ದುಃಖವನ್ನು ಕಳಿಸುವುದಿಲ್ಲ, ರಸೀದಿ ಕಳಿಸುತ್ತಾನೆ’ ಎಂಬ ಸಾಲು ಅದರಲ್ಲಿತ್ತು. ಆ ಸಾಲಿನ ಮೇಲೆ ಅವನಿಗೆ ಎಷ್ಟು ಪ್ರೀತಿ ಎಂದರೆ ಊಟ ಮಾಡುವಾಗ ತಟ್ಟೆಯ ಪಕ್ಕದಲ್ಲಿ ಪತ್ರಿಕೆ ಇಟ್ಟುಕೊಂಡು ಅದನ್ನೇ ಓದುತ್ತಿದ್ದ. ಸಹಕಾರ ಇಲಾಖೆಯಿಂದ ನಿವೃತ್ತರಾಗಿ ವಿಶ್ವಬಾಂಧವ್ಯ ವೇದಿಕೆ ಎಂಬುದನ್ನು ಕಟ್ಟಿಕೊಂಡಿದ್ದ ಅಣವೀರಪ್ಪನವರು ಫೋನು ಮಾಡಿ, “ಸರ್, ಈ ಒಂದು ಸಾಲಿಗಿ ಒಂದು ಸಭಾ ಮಾಡಲೇಬೇಕ್ರಿ” ಎಂದರು. ಹಾಗೆ ಗೊತ್ತಾದದ್ದು ಇವತ್ತು ಸಂಜೆ ಜಗತ್ ವೃತ್ತದ ಸಭೆ. ಅಣವೀರಪ್ಪನವರ ವೇದಿಕೆಯಲ್ಲಿ ಅಧ್ಯಕ್ಷರು ಯಾವಾಗಲೂ ಅಣವೀರಪ್ಪನವರೇ ಆಗಿರುತ್ತಿದ್ದುದರಿಂದ ಪ್ರೇಮಕುಮಾರ ಮುಖ್ಯ ಭಾಷಣಕಾರನಾದ.

“ಹೋಗಿ ಏನ್ ಮಾಡ್ತಿದ್ರು ಅವರು?” ಎಂದಳು ಅಡಿಗೆಮನೆಯಿಂದ ಸುಜಾತಾ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವನ ಹೆಂಡತಿ. ಮಿಕ್ಸರಿನಲ್ಲಿ ಶೇಂಗಾ ಪುಡಿ ಮಾಡುತ್ತ, ಅದು ನಿಂತಾಗ ಮಾತಾಡಿ, ಮಾತು ನಿಂತಾಗ ಅದನ್ನು ತಿರುಗಿಸುತ್ತಿದ್ದಳು.

“ಹೋಗೋದೇ ಮಾಡೋದು. ಅಲ್ಲಿ ಇರೋದು ಮುಖ್ಯ.”

“ನಾನೂ ಟಿವಿದಾಗ ನೋಡೀನ್ರಿ. ಮ್ಯಾಲಿಂದ ತೆಗದ ಫೋಟೋದಾಗ ಅವರು ನಡದ ಓಣಿನೇ ಬ್ಯಾರೆ. ಹಿಂದ ಮುಂದ ಬರೇ ಪೊಲೀಸರು. ಸತ್ತವರ ಮನಿ ಮಂದಿ ಅತ್ತಾಗ ಯಾವುದೋ ಓಣ್ಯಾಗ. ಓಣಿ ಬ್ಯಾರೆ ಮಾಡೋದು ನಮಗೇನ್ ಹೊಸದಲ್ಲ ಬಿಡ್ರಿ. ಆದ್ರ ಅಳಾಕೂ ಬ್ಯಾರೆ ಓಣಿ ಅಂದ್ರ…”

“ಅದು ಭದ್ರತೆ.”

“ಇರಲಿ. ಅಷ್ಟ್ ಮಂದಿ ದೊಡ್ಡವರೊಳಗ ಒಬ್ರರ ಯಾರದರ ಮನಿಗಿ ಹೋಗಿ, ಹ್ಯಾಂಗಾತು ಅಂತ ಕೇಳಿದ್ರೇನು?” ಎಂದು ಮಿಕ್ಸರ್ ತಿರುಗಿಸಿದಳು.

ಹ್ಯಾಂಗಾತು. ಬ್ಲೇಡು ಗದ್ದದ ತಿರುವಿನಲ್ಲಿ ನಿಂತಿತು. ಅವನ ಊರು ಕಮಲಾಪುರದಲ್ಲಿ ಯಾರಾದರೂ ಸತ್ತರೆ ಮಾತಾಡಿಸಲು ಹೋಗುವುದೆಂದು ಹೇಳುತ್ತಾರೆ, ಆದರೆ ಅಲ್ಲಿ ಯಾರೂ ಮಾತಾಡುವುದಿಲ್ಲ. ಹೋಗಿ ಹಾಸಿದ ಜಮಖಾನದ ಮೇಲೆ ಕೂಡ್ರಬೇಕು. ಗೋಡೆ ನೋಡಬೇಕು. ಬಹಳ ಹೊತ್ತಾದ ಮೇಲೆ, ಬಂದವರಲ್ಲಿ ಹತ್ತಿರದವರು ಯಾರೋ ಒಬ್ಬರು ‘ಹ್ಯಾಂಗಾತು?’ ಎನ್ನಬೇಕು. ಹೇಗಾಯಿತೆಂಬುದು ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯವನಿಗೂ ಗೊತ್ತಿರುತ್ತದೆ. ಆದರೂ ಕೇಳಬೇಕು, ಮತ್ತು ಮನೆಯವರು ‘ಏನಿಲ್ರಿ, ಮುಂಜಾನೆ ಛಲೋ ಇದ್ರು’ ಎಂದು ಮೊದಲಿಂದ ಶುರು ಮಾಡಬೇಕು. ಸಣ್ಣವನಿದ್ದಾಗ ಅಣ್ಣ ಪೀರಪ್ಪನ ಮಗ್ಗುಲಿಗೆ ಕೂತು ಇಂಥ ಎಷ್ಟೋ ಮುಂಜಾನೆಗಳನ್ನು ಅವನು ಕೇಳಿದ್ದ. ಎಲ್ಲರೂ ಮುಂಜಾನೆ ಛಲೋ ಇದ್ದವರೇ. ದಿಲ್ಲಿಯ ವಿಚಾರ ಸಂಕಿರಣದಲ್ಲಿ ‘ಸಾರ್ವಜನಿಕ ಶೋಕ’ದ ಬಗ್ಗೆ ಪ್ರಬಂಧ ಓದುವಾಗ ಇದನ್ನು ‘ಮಾಹಿತಿಯಿಲ್ಲದ ಸಂವಹನ’ ಎಂದು ಕರೆದಿದ್ದ. ಸಭಿಕರು ನಕ್ಕಿದ್ದರು. ನಗು ನಿಂತ ಮೇಲೆ ನೀರು ಕುಡಿದದ್ದೂ, ಗ್ಲಾಸಿಗೆ ಹಲ್ಲು ತಾಕಿದ್ದೂ ಅವನಿಗೆ ಈಗಲೂ ನೆನಪಿದೆ.

ಯಾಕೆಂದರೆ ಆ ಪ್ರಬಂಧ ಓದಲು ಹೊರಟ ದಿನವೇ ವೈನಿ ತೀರಿಕೊಂಡಿದ್ದಳು. ಪೀರಪ್ಪನ ಹೆಂಡತಿ ಯಶೋಧರಾ. ಅವತ್ತೂ ಹೀಗೇ ಕನ್ನಡಿಯ ಮುಂದೆ ನಿಂತಿದ್ದ, ಇದೇ ಗಂಧದ ಸೋಪಿನ ವಾಸನೆ, ಫೋನು ಬಂದಾಗ ಎರಡೂ ಕೆನ್ನೆ ಮುಗಿದಿದ್ದವು. ರೈಲು ಸಂಜೆಗಿತ್ತು. ಕಮಲಾಪುರ ಹುಮನಾಬಾದಿನ ರಸ್ತೆಯಲ್ಲಿ ಬಸ್ಸಿಗೆ ಒಂದು ತಾಸಿನ ದೂರ. ಮಣ್ಣಿಗೆ ಹೋಗಿ, ಕೈಕಾಲು ತೊಳೆದು, ವಾಪಸ್ ಬಂದು ರೈಲು ಹಿಡಿಯಬಹುದಿತ್ತು. ಅವನು ಸೂಟ್‌ಕೇಸಿಗೆ ಬಟ್ಟೆ ತುಂಬುತ್ತ ಕೂತ. ಈ ಮನೆಯಲ್ಲಿ, ಈ ಊರಲ್ಲಿ, ಎಲ್ಲಿ ಬೇಕಾದರೂ ಎದ್ದು ನಿಂತು ಗಂಟೆಗಟ್ಟಲೆ ಮಾತಾಡಬಲ್ಲವನಿಗೆ ಆ ಜಮಖಾನದ ಮೇಲೆ ಸುಮ್ಮನೆ ಕೂಡ್ರುವುದು ಆಗದ ಮಾತಾಗಿತ್ತು. ಹೆದರಿದ್ದ, ಅಷ್ಟೇ. ಪಿಯುಸಿ ಓದುವಾಗ ದಿನಾ ನಸುಕಿನಲ್ಲಿ ಎದ್ದು ಬಸ್ಸಿಗೆ ರೊಟ್ಟಿ ಕಟ್ಟಿಕೊಟ್ಟವಳ ಮುಖ ನೋಡಲು ಹೆದರಿದ್ದ. ಹಿಂದಿನ ವಾರವಷ್ಟೇ ಅವಳು ಫೋನಿನಲ್ಲಿ ಮಾತಾಡಿದ್ದಳು, ಅವನು ಹಾಂ ಹೂಂ ಅಂದಿದ್ದ, ಏನೋ ಒಪ್ಪಿಕೊಂಡೂ ಇದ್ದ, ಏನೆಂಬುದು ನೆನಪಾಗಲಿಲ್ಲ. ಕೊನೆಗೆ ಸುಜಾತಾ, “ನಾ ಹೋಗಿ ಬರ್ತೀನಿ, ಇಬ್ಬರ ಪರವಾಗಿ” ಎಂದಾಗ ಅವನಿಗೆ ಎಷ್ಟು ಹಗುರವಾಯಿತೆಂದರೆ ಆ ಹಗುರಕ್ಕೆ ಇನ್ನೂ ನಾಚಿಕೆಯಾಗುತ್ತದೆ. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬೀಗರು ಬಂಧುಗಳು ಬುತ್ತಿ ಒಯ್ಯಬೇಕು. ಅಡಿಗೆಗೆ ಹೊತ್ತಿಲ್ಲವೆಂದು ಸುಜಾತಾ ಖಾನಾವಳಿಯಿಂದ ಕಟ್ಟಿಸಿಕೊಂಡು ಹೋಗಿದ್ದಳು. ದಿಲ್ಲಿಯಿಂದ ಬಂದ ಮೇಲೆ ಹೋಗಬೇಕೆಂದುಕೊಂಡ. ಮೊದಲನೆಯ ವಾರ ಕಾಲೇಜಿನ ಪರೀಕ್ಷೆ. ಆಮೇಲೆ, ಇಷ್ಟು ದಿನ ಬಿಟ್ಟು ಹೇಗೆ ಹೋಗುವುದು? ಹೋಗಲಿಲ್ಲ ಎಂಬ ಕಾರಣಕ್ಕೇ ಹೋಗಲಾಗಲಿಲ್ಲ. ಹೀಗೆ ಎರಡು ವರ್ಷವಾಯಿತು. ಪೀರಪ್ಪ ಜಗಳವಾಡಲಿಲ್ಲ, ಬೈಯಲಿಲ್ಲ, ಫೋನು ಮಾಡಲಿಲ್ಲ. ಅದಕ್ಕೂ ಮೊದಲು ಪ್ರತಿ ತಿಂಗಳೂ ಒಂದು ಹಣಿಗೆ ಕೆಂಪು ಬಾಳೆಹಣ್ಣು ಹಿಡಿದು ಬರುತ್ತಿದ್ದವನು ಈ ಮನೆಯ ಮೆಟ್ಟಿಲು ತುಳಿಯುವುದನ್ನು ಬಿಟ್ಟ.

ಬಾಗಿಲ ಗಂಟೆ ಸದ್ದಾಯಿತು. ನೊರೆಯ ಕೆನ್ನೆಯಲ್ಲೇ ಹೋಗಿ ತೆರೆದರೆ ಪಕ್ಕದ ಮನೆಯ ನಬಿಸಾಬ್. ಸಾರಿಗೆ ಸಂಸ್ಥೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು, ಬೆಳಿಗ್ಗೆ ಕೋಟೆಯ ಸುತ್ತ ನಡೆದು ಜಗತ್ ವೃತ್ತದ ಮೇಲಿಂದ ಮನೆಗೆ ಬರುವುದು ಅವರ ರೂಢಿ. ಇವತ್ತು ತಲೆಗೆ ಕರವಸ್ತ್ರ ಕಟ್ಟಿಕೊಂಡು ಕೈ ಮುಂದೆ ಜೋಡಿಸಿ ತಲೆ ತಗ್ಗಿಸಿ ನಿಂತಿದ್ದರು. ತಲೆ ಎತ್ತಿ ಇವನನ್ನು ನೋಡಿದವರೇ ಗೋಡೆ ಹಿಡಿದುಕೊಂಡರು.

“ಯಾ ಅಲ್ಲಾ. ಸಾರ್, ನೀವು… ಇದ್ದೀರಿ?”

“ಇದ್ದೀನಲ್ರಿ ನಬಿಸಾಬ್. ಯಾಕ್ರಿ?”

“ಏನಿಲ್ರಿ. ಛಲೋ ಆತು. ಭಾಳ ಛಲೋ ಆತು” ಎಂದು ಅವರು ಹಿಂದೆ ಹಿಂದೆ ಸರಿಯುತ್ತ, ಗೇಟಿನ ತನಕವೂ ಬೆನ್ನು ತೋರಿಸದೆ ಹೋದರು.

ಚಾರ್ಜಿಗೆ ಇಟ್ಟು ಸದ್ದು ಮುಚ್ಚಿದ್ದ ಫೋನು ತೆಗೆದು ನೋಡಿದರೆ ಕರೆಗಳ ರಾಶಿ. ಹಳೆಯ ವಿದ್ಯಾರ್ಥಿಯೊಬ್ಬ ಅವನ ಫೋಟೋದ ಕೆಳಗೆ ಕೈಮುಗಿದ ಚಿತ್ರ ಹಾಕಿ, ‘ಗುರುಗಳು ಇನ್ನಿಲ್ಲ, ಅಟೆಂಡೆನ್ಸ್ ವಿಷಯದಲ್ಲಿ ಭಾಳ ಸ್ಟ್ರಿಕ್ಟ್ ಇದ್ದರು’ ಎಂದು ಬರೆದಿದ್ದ. ಅವನು ಅಣವೀರಪ್ಪನವರಿಗೆ ಫೋನು ಹಚ್ಚಿದ.

“ಸರ್, ನಿಮಗ ನೂರು ವರ್ಷ ಆಯುಷ್ಯ!” ಎಂದರು ಅವರು. “ಸಣ್ಣ ಗೊಂದಲ ಆಗ್ಯಾದ ನೋಡ್ರಿ. ಜಗತ್‌ದಾಗ ನಿನ್ನಿ ಹಚ್ಚಿದ ಫ್ಲೆಕ್ಸ್ ಅದ ಅಲ್ರಿ, ಅದರಾಗ ಮ್ಯಾಲ ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತದ. ನಡುವ ನಿಮ್ಮ ಫೋಟೋ. ಫ್ಲೆಕ್ಸ್ ಮಾಡೋ ಸಲ್ಮಾನ್ ಬಲ್ಲಿ ಶ್ರದ್ಧಾಂಜಲಿದು ಒಂದೇ ನಮೂನಿ ಅದ, ಸುತ್ತ ಚಂಡು ಹೂವಿನ ಹಾರ ಇರೋದು. ಮಂದಿ ಓದಂಗಿಲ್ರಿ ಸರ್, ಬರೇ ನೋಡತಾರ.”

“ತೆಗಸ್ರಿ ಅದನ್ನ!”

“ರವಿವಾರ ಸೂಟಿ ದಿವಸ, ಕಂಬ ಹತ್ತೋರು ಯಾರೂ ಸಿಗವಲ್ಲರು. ಮತ್ತ ಒಂದು ಲೆಕ್ಕದಾಗ ಛಲೋನೇ ಆತು. ಸಂಜಿಗಿ ಮಂದಿ ಭಾಳ ಬರ್ತಾರ.”

ಬೈಯಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡ. ಶುಕ್ರವಾರ ಸಲ್ಮಾನ್ ಫ್ಲೆಕ್ಸಿನ ಮಾದರಿಯನ್ನು ಫೋನಿಗೆ ಕಳಿಸಿ, “ಒಮ್ಮಿ ಚೆಕ್ ಮಾಡ್ರಿ ಸರ್” ಎಂದಿದ್ದ. ಆಗ ಅದರಲ್ಲಿ ಆ ರಾಜಧಾನಿಯ ಹೆಸರು ದೊಡ್ಡದಾಗಿತ್ತು, ನಡುವೆ ಮೇಣದ ಬತ್ತಿ, ಮೂಲೆಯಲ್ಲಿ ಇವನು. ಪ್ರೇಮಕುಮಾರ ಎರಡು ಬೆರಳಿಟ್ಟು ಮೂಲೆಯನ್ನು ಹಿಗ್ಗಿಸಿ ನೋಡಿದ. ಕೂದಲಿನ ಬಣ್ಣ ಸರಿ ಕಂಡಿತು. ಹೆಸರಿನ ಮೊದಲು ‘ಪ್ರೊ.’ ಎಂದು ಹಾಕಿದ್ದರು, ಅವನು ಪ್ರೊಫೆಸರ್ ಅಲ್ಲ, ಆದರೆ ತಿದ್ದಲು ಹೋದರೆ ಸಣ್ಣತನವಾಗುತ್ತದೆಂದು ಬಿಟ್ಟ. ‘ಫೋಟೋ ಸ್ವಲ್ಪ ದೊಡ್ಡದಿರಲಿ’ ಎಂದಷ್ಟೇ ಬರೆದು ಕಳಿಸಿದ. ಫೋಟೋ ದೊಡ್ಡದಾಗುತ್ತ ಬತ್ತಿ ಹಿಂದೆ ಸರಿದಿರಬೇಕು, ರಾಜಧಾನಿ ಕೆಳಗಿಳಿದು ಮುದ್ರಕರ ಹೆಸರಿನ ಪಕ್ಕ ಕೂತಿರಬೇಕು, ಸತ್ತವರು ಒಟ್ಟಿಗೆ ಫ್ಲೆಕ್ಸಿನ ಹೊರಗೇ ಹೋಗಿರಬೇಕು. ಈಗ ಇಡೀ ಜಗತ್ ವೃತ್ತಕ್ಕೆ ಸತ್ತವನು ಅವನೊಬ್ಬನೇ. ಅವನಿಗೆ ಸಿಟ್ಟು ಬಂತು, ಸಿಟ್ಟಿನ ಒಳಗೆ ಒಂದು ಸಣ್ಣ ಕುತೂಹಲವೂ ಇತ್ತು: ಯಾರು ಯಾರು ಬರಬಹುದು? ಪ್ರಿನ್ಸಿಪಾಲರು ಬರುತ್ತಾರೋ, ಅಥವಾ ಹೆಡ್‌ಕ್ಲಾರ್ಕನ್ನು ಕಳಿಸುತ್ತಾರೋ? ಈ ಯೋಚನೆ ಬಂದದ್ದಕ್ಕೆ ತನ್ನನ್ನೇ ಗದರಿಕೊಂಡು ಕನ್ನಡಿಗೆ ವಾಪಸ್ ಹೋದ. ಬಲಗೆನ್ನೆಯ ನೊರೆ ಒಣಗಿ ಬಿರಿದಿತ್ತು. ಮತ್ತೆ ಹೊಸದಾಗಿ ಹಚ್ಚಿಕೊಂಡ, ಈ ಸಲ ಅದು ಮೂಗಿನ ತನಕ ಬಂತು.

ಆಗ ಹೊರಗೆ ಕ್ರೂಸರ್ ಗಾಡಿಯೊಂದು ನಿಂತ ಸದ್ದು, ಅದರ ಬೆನ್ನಿಗೇ ಅಳು. ಬರೀ ಅಳುವಲ್ಲ, ಊರಿನ ಹಾಡ್ಯಾಡಿ ಅಳುವ ಅಳು. ಬೌದ್ಧ ದೀಕ್ಷೆಯಾದ ಮೇಲೆ ಹಾಗೆ ಅಳಬಾರದೆಂದು ಸಮಾಜದ ಹಿರಿಯರು ಎಷ್ಟು ಸಲ ಹೇಳಿದರೂ ಅವನ ಸೋದರತ್ತೆ ಹಣಮಮ್ಮ ಕೇಳಿದವಳಲ್ಲ. ದನಿ ಗೇಟು ದಾಟಿ ಅಂಗಳಕ್ಕೆ ಬಂತು. “ಯಪ್ಪಾ ನನ್ನ ಪ್ರೇಮಾ… ಶಾಣ್ಯಾ ಆಗಿದ್ಯಲ್ಲೋ… ದಿಲ್ಲಿಗಿ ಹೋಗಿ ಭಾಷಣ ಮಾಡಿದ್ಯಲ್ಲೋ… ನಿಮ್ಮ ವೈನಿ ಮಣ್ಣಿಗಿ ಒಂದ್ ಹಿಡಿ ಮಣ್ ಹಾಕಾಕ ಬರಲಿಲ್ಲಲ್ಲೋ… ನಿನ್ನ ಮಣ್ಣಿಗಿ ನಿಮ್ಮಣ್ಣ ಬಂದಾನಲ್ಲೋ… ಏಳೋ ನನ್ನಪ್ಪಾ…”

ಪ್ರೇಮಕುಮಾರ ಬಾಗಿಲಲ್ಲಿ ನಿಂತು ಇಡೀ ಸಾಲು ಕೇಳಿಸಿಕೊಂಡ. ಬದುಕಿದ್ದವರಿಗೆ ಯಾರೂ ಹೇಳದ ಮಾತನ್ನು ಸತ್ತವರಿಗೆ ಹಾಡಿ ಹೇಳಬಹುದು, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡು ವರ್ಷ ಕಮಲಾಪುರದ ಓಣಿಯಲ್ಲಿ ಅವನ ಬಗ್ಗೆ ಏನು ನಡೆದಿತ್ತೆಂಬುದು ಒಂದೇ ಉಸಿರಿನಲ್ಲಿ ತಿಳಿದುಹೋಯಿತು. ಹಣಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದುರಿಗೆ ನೋಡಿದಳು. ಅರ್ಧ ಮುಖ ಬೆಳ್ಳಗೆ ನೊರೆ ಮೆತ್ತಿಕೊಂಡು ನಿಂತವನನ್ನು ಕಂಡು ಕಿಟಾರನೆ ಕಿರುಚಿ, ಅರ್ಧಕ್ಕೆ ನಿಂತ ಹಾಡನ್ನು ಹೇಗೂ ಶುರು ಮಾಡಿದ್ದಾಗಿದೆ ಎಂಬಂತೆ, “ಬಿಟ್ಟು ಹೋದ್ಯಲ್ಲೋ…” ಎಂದು ಮುಗಿಸಿಯೇ ಕುಸಿದು ಕೂತಳು.

“ಅತ್ತೀ, ನಾನು ಸತ್ತಿಲ್ಲ” ಎಂದ. ಹೇಳುವಾಗ ತಪ್ಪು ಒಪ್ಪಿಕೊಂಡವನ ದನಿ ಬಂತು.

ಅವಳ ಹಿಂದೆ ಪೀರಪ್ಪ ನಿಂತಿದ್ದ. ಲೈನ್‌ಮನ್ ಕೆಲಸದಲ್ಲಿ ಕಂಬ ಹತ್ತಿ ಹತ್ತಿ ಭುಜ ಮುಂದಕ್ಕೆ ಬಾಗಿದ್ದ ಅಣ್ಣ ಎರಡು ವರ್ಷದಲ್ಲಿ ಇನ್ನೂ ಬಾಗಿದ್ದ. ಬಿಳಿ ಬಟ್ಟೆ ಕಟ್ಟಿದ ಅಲ್ಯೂಮಿನಿಯಂ ಡಬರಿಯೊಂದನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದಿದ್ದ. ತಮ್ಮನ ಮುಖವನ್ನು, ನೊರೆಯಿದ್ದ ಕಡೆ ಒಮ್ಮೆ ಇಲ್ಲದ ಕಡೆ ಒಮ್ಮೆ, ನಿಧಾನವಾಗಿ ನೋಡಿದ.

“ಇದ್ದಿ” ಎಂದ.

“ಇದ್ದೀನಣ್ಣಾ.”

“ಛಲೋ ಆತು.” ಡಬರಿಯನ್ನು ಎದೆಯಿಂದ ಇಳಿಸಿ ಸೊಂಟಕ್ಕೆ ಇಟ್ಟುಕೊಂಡ. “ನಮ್ಮ ಓಣಿ ಕ್ರೂಸರ್ ಗಾಡಿ ದೌಲಪ್ಪ ನಿನ್ನಿ ಗಂಜ್ ಬಜಾರಿಗಿ ತೊಗರಿ ಹಾಕಿ ಬರಾಗ ಜಗತ್‌ದಾಗ ನಿನ್ನ ಫೋಟೋ ನೋಡ್ಯಾನ. ಹಾರ ಇತ್ತಂತ. ನಿನಗ ಫೋನ್ ಹಚ್ಚಬೇಕಂತ ನೆನಪೇ ಆಗಲಿಲ್ಲ. ಸತ್ತವಗ ಹ್ಯಾಂಗ್ ಹಚ್ಚೋದು? ಸುಜಾತಾಗ ಹಚ್ಚಿದ್ರ ಎತ್ತಲಿಲ್ಲ. ಅಳಾಕತ್ತಿರಬೇಕು ಅಂದ್ಕೊಂಡೆ.”

ಸುಜಾತಾ ಶೇಂಗಾ ಪುಡಿಯ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ನಗಬೇಕೋ ಅಳಬೇಕೋ ಗೊತ್ತಾಗದೆ ಒಳಗೆ ಹೋಗಿ, ಯಾಕೋ ಏನೋ, ಗ್ಯಾಸ್ ಆರಿಸಿದಳು. ಹೊರಗೆ ಬಂದು ಜಮಖಾನ ಹಾಸಿದಳು. ಹಾಸಿದ ಮೇಲೆ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಿತು, ಆದರೆ ಆಗಲೇ ಎಲ್ಲರೂ ಅದರ ಮೇಲೆ ಕೂತಿದ್ದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ನಡುವೆ ಪ್ರೇಮಕುಮಾರ ದಿಲ್ಲಿಯ ಸಂಕಿರಣದಲ್ಲಿ ಶಾಲು ಹೊದಿಸಿಕೊಂಡ ಫೋಟೋ. ಪೀರಪ್ಪ ಅದನ್ನೇ ನೋಡುತ್ತ ಕೂತ. ಡಬರಿ ನಡುವೆ ಇತ್ತು.

“ಬುತ್ತಿ ಬಿಚ್ಚವಾ ಸುಜಾತಾ” ಎಂದಳು ಹಣಮಮ್ಮ. ಅವಳಿಗೆ ಮೊದಲು ಚೇತರಿಕೆ ಬಂದಿತ್ತು.

“ಇರಲಿ ಅತ್ತಿ. ನಾ ಈಗ ಬಿಸಿ ಅಡಿಗಿ ಮಾಡ್ತೀನಿ. ಇದನ್ನ ವಾಪಸ್…”

“ವಾಪಸ್ ಒಯ್ಯಬಾರದು. ಸತ್ತವರ ಮನಿಗಿ ಅಂತ ಹೊರಗ ಬಿದ್ದ ಬುತ್ತಿ ಹೊಳ್ಳಿ ಮನಿಗಿ ಬರಬಾರದು.”

“ಯಾರೂ ಸತ್ತೇ ಇಲ್ಲಲ್ಲ ಅತ್ತಿ” ಎಂದ ಪ್ರೇಮಕುಮಾರ.

“ಅದು ಬುತ್ತಿಗಿ ಏನ್ ಗೊತ್ತು?”

ಸುಜಾತಾ ಬಿಚ್ಚಿದಳು. ಅನ್ನ, ಬೇಳೆಸಾರು. ಪೀರಪ್ಪ ತಾನೇ ಮುಂದೆ ಬಾಗಿ ಮೊದಲ ತುತ್ತು ಕಲಸಿ ತಮ್ಮನ ಕಡೆ ಕೈ ಚಾಚಿದ, ದುಃಖದ ಮನೆಯವರಿಗೆ ಬಂದವರು ಹಾಗೆ ಬಾಯಿಗೆ ಇಡುವುದು ರೂಢಿ. ಪ್ರೇಮಕುಮಾರ ಅಣ್ಣನ ಕೈಯಿಂದ ತನ್ನ ಸಾವಿನ ಅನ್ನವನ್ನು ಉಂಡ. ನೊರೆಯ ಗಂಧವೂ ಬಾಯಿಗೆ ಬಂತು. ಸಾರಿಗೆ ಉಪ್ಪಿರಲಿಲ್ಲ.

“ಉಪ್ಪು ಮರ್ತೀನಿ ಕಾಣ್ತದ” ಎಂದ ಪೀರಪ್ಪ. “ನಸಕಿನ್ಯಾಗ ಎದ್ದು ನಾನ ಮಾಡೀನಿ. ಯಶೋಧರಾ ಇದ್ದಿದ್ರ ಸರಿ ಆಗ್ತಿತ್ತು. ಅವತ್ತ ನೀ ಕಳಿಸಿದ ಬುತ್ತಿ ಛಲೋ ಇತ್ತು. ಖಾನಾವಳಿದು. ಉಪ್ಪು ಖಾರ ಎಲ್ಲ ಬರೋಬರಿ ಇತ್ತು.”

ಅದರಲ್ಲಿ ಕುಹಕವಿರಲಿಲ್ಲ. ಪೀರಪ್ಪನಿಗೆ ಕುಹಕ ಬರುತ್ತಿರಲಿಲ್ಲ, ಅದನ್ನು ಓದಿಸಿ ಕಲಿಸಿದ್ದು ಮನೆಯಲ್ಲಿ ತಮ್ಮನೊಬ್ಬನಿಗೇ. ಸುಜಾತಾ ತಲೆ ತಗ್ಗಿಸಿದಳು. ಪ್ರೇಮಕುಮಾರ ಇನ್ನೊಂದು ತುತ್ತು ತಾನೇ ಕಲಸಿಕೊಂಡು ನುಂಗಿದ, ಮತ್ತೊಂದು ನುಂಗಿದ, ಡಬರಿಯ ತಳ ಕಾಣುವವರೆಗೂ ಉಪ್ಪು ಕೇಳದೆ ಉಂಡ.

ಊಟವಾದ ಮೇಲೆ ಹಣಮಮ್ಮ ಒಳಗೆ ಹೋಗಿ ಒರಗಿದಳು. ಅತ್ತು ದಣಿದಿದ್ದಳು. ದೌಲಪ್ಪ ತನ್ನ ಕ್ರೂಸರಿನಲ್ಲೇ ಮಲಗಿ, ಸಂಜೆ ತನಕ ಅವಸರವಿಲ್ಲ ಎಂದಿದ್ದ. ಮುಖ ಒರೆಸಿಕೊಂಡು ಬಂದ ಪ್ರೇಮಕುಮಾರ ಅಣ್ಣನ ಎದುರು ಕೂತ, ಬಲಗೆನ್ನೆಯ ಗಡ್ಡ ಹಾಗೇ ಇತ್ತು. ಮೌನವನ್ನು ತಡೆಯಲಾರದೆ ಮಾತಾಡತೊಡಗಿದ. ಫ್ಲೆಕ್ಸಿನ ಕಥೆ ಹೇಳಿದ, ತನ್ನದು ‘ಸ್ವಲ್ಪ ದೊಡ್ಡದಿರಲಿ’ ಎಂಬ ಭಾಗ ಬಿಟ್ಟು. ಆ ರಾಜಧಾನಿಯ ಕಥೆ ಹೇಳಿದ. ಮೆರವಣಿಗೆ, ರಾಯಭಾರಿ, ನಮ್ಮ ನಾಯಕರು, ಖಾಲಿ ಉಳಿದ ಜಾಗ. ಅಣ್ಣನಿಗೆ ಇದೆಲ್ಲ ಬೇಕಿಲ್ಲವೆಂದು ಗೊತ್ತಿದ್ದೂ, ನಿಲ್ಲಿಸಿದರೆ ಏನು ಬರುತ್ತದೋ ಎಂಬ ಅಂಜಿಕೆಯಿಂದ ಹೊತ್ತು ಇಳಿಯುವ ತನಕ ಹೇಳುತ್ತಲೇ ಹೋದ.

ಪೀರಪ್ಪ ಎಲ್ಲ ಕೇಳಿದ. “ಆ ಊರಾಗ ನಿನ್ನ ಗುರುತಿನವರು ಯಾರರ ಸತ್ತಾರೇನು?”

“ಇಲ್ಲಣ್ಣಾ. ಗುರುತಿನ ಪ್ರಶ್ನೆ ಅಲ್ಲ ಇದು.”

“ಹೂಂ. ಗುರ್ತು ಇಲ್ಲಂದ್ರೂ ಹೋಗಬೇಕು” ಎಂದ ಪೀರಪ್ಪ. “ನೀ ಬರದದ್ದು ಖರೇ ಅದ. ಇಷ್ಟ್ ದೂರ, ವಿಮಾನ ಖರ್ಚು, ಪೊಲೀಸರಿಗಿ ತ್ರಾಸು, ಎಲ್ಲ ಖರೇ. ಆದ್ರೂ ಹೋಗಬೇಕು. ಹೋಗಬಾರದು ಅಂತ ನಾ ಯಾವತ್ತೂ ಅನ್ನಂಗಿಲ್ಲ.”

ಅಣ್ಣ ಒಪ್ಪಿಕೊಂಡುಬಿಟ್ಟ. ಸುಜಾತಾಳ ಓಣಿಯ ಮಾತಿಗೆ ಅವನ ಬಳಿ ಎದುರು ಮಾತಿತ್ತು, ಅಣವೀರಪ್ಪನವರ ಸಭೆಯಲ್ಲಿ ಯಾರಾದರೂ ಎದ್ದು ನಮ್ಮಲ್ಲೇ ಸತ್ತಾಗ ಯಾರು ಬಂದಿದ್ದರು ಎಂದು ಕೇಳಿದರೆ ಅದಕ್ಕೂ ಇತ್ತು. ಈ ಒಪ್ಪಿಗೆಗೆ ಏನೂ ಇರಲಿಲ್ಲ.

“ನೀ ಬರ್ತಿ ಅಂತ ಜಮಖಾನ ಭಾಳ ದಿವಸ ಸುತ್ತಿ ಇಟ್ಟಿದ್ದಿಲ್ಲ” ಎಂದ ಪೀರಪ್ಪ, ಗೋಡೆ ನೋಡುತ್ತ. “ಮಂದಿ ಬರೋದು ನಿಂತಿತ್ತು. ನಾನ ಹಾಸಿಟ್ಟಿದ್ದೆ. ಆಮ್ಯಾಗ ಧೂಳು ಆಗ್ತದಂತ ತೆಗದೆ.” ಜಮಖಾನದ ಅಂಚನ್ನು ನೆಟ್ಟಗೆ ಮಾಡಿದ. “ಇವತ್ತ ಹ್ಯಾಂಗೂ ನಾನ ಬಂದೀನಿ. ಜಮಖಾನಾನೂ ಹಾಸ್ಯಾದ. ಈಗ ಮಾತಾಡಸು.”

“ಅಣ್ಣಾ, ಅವತ್ತ ಏನಾತಂದ್ರ ದಿಲ್ಲಿ ರೈಲು…” ಎಂದು ಪ್ರೇಮಕುಮಾರ ಶುರು ಮಾಡಿದ. ಆ ವಾಕ್ಯಕ್ಕೆ ಕರ್ತೃವಿತ್ತು, ಕ್ರಿಯೆಯಿತ್ತು, ಕಾರಣವಿತ್ತು. ಪೀರಪ್ಪ ಅದನ್ನು ತಡೆಯಲೂ ಇಲ್ಲ, ಕೇಳಿಸಿಕೊಳ್ಳಲೂ ಇಲ್ಲ. ವಾಕ್ಯ ತಾನಾಗೇ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಜಮಖಾನದ ಮೇಲಿದ್ದ ಫೋನು ಅಲುಗಾಡಿತು.

“ಸರ್, ಜಲ್ದಿ ಬರ್ರಿ!” ಅಣವೀರಪ್ಪನವರ ದನಿಯಲ್ಲಿ ಹಬ್ಬವಿತ್ತು. “ಜಗತ್‌ದಾಗ ಕಾಲಿಡಾಕ ಜಾಗ ಇಲ್ಲ. ನಿಮ್ಮ ಪ್ರಿನ್ಸಿಪಾಲರು ಖುದ್ದು ಬಂದಾರ. ಹಾರ ತಂದಾರ್ರಿ ಮಂದಿ! ನೀವು ಬಂದು ವೇದಿಕೆ ಮ್ಯಾಲ ಜೀವಂತ ನಿಂತ್ರ ಸಾಕು, ಭಾಷಣ ಇಲ್ಲಂದ್ರೂ ನಡೀತದ.”

ಅವನು ಎದ್ದೇಬಿಟ್ಟ. ಅದು ಅಭ್ಯಾಸ. ಗೂಟಕ್ಕೆ ಹಾಕಿದ್ದ ಕೋಟಿನ ಒಂದು ತೋಳಿಗೆ ಕೈ ತೂರಿಸಿದ. ಜೀವಮಾನದಲ್ಲಿ ಅಷ್ಟು ಜನ ಅವನಿಗಾಗಿ ಸೇರಿರಲಿಲ್ಲ, ಇನ್ನು ಸೇರುವುದೂ ಇಲ್ಲ. ಪ್ರಿನ್ಸಿಪಾಲರು ಖುದ್ದು. ಕೋಟಿನ ಇನ್ನೊಂದು ತೋಳು ಹುಡುಕುತ್ತ ತಿರುಗಿದಾಗ ಕಂಡದ್ದು, ದಾರಿಗೆ ಅಡ್ಡ ಚಾಚಿದ್ದ ಕಾಲನ್ನು ಪೀರಪ್ಪ ಸದ್ದಿಲ್ಲದೆ ಮಡಚಿಕೊಳ್ಳುತ್ತಿದ್ದ. ತಮ್ಮನಿಗೆ ಹಾದುಹೋಗಲು ಜಾಗ ಮಾಡಿಕೊಡುತ್ತಿದ್ದ. ಮಂಡಿ ನೋಯುತ್ತಿತ್ತೇನೋ, ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ಎಳೆದುಕೊಂಡ. ಪ್ರೇಮಕುಮಾರ ಅತ್ತುಬಿಡುತ್ತಿದ್ದ, ಆದರೆ ಒಂದು ಕೈ ಕೋಟಿನಲ್ಲಿ ಸಿಕ್ಕಿಕೊಂಡಿತ್ತು.

ಸುಜಾತಾ ಬಂದು ಆ ಕೈಯನ್ನು ಬಿಡಿಸಿದಳು. ಕೋಟು ಗೂಟಕ್ಕೆ ಹಾಕಿ, ಮೇಜಿನ ಮೇಲಿದ್ದ ಭಾಷಣದ ಹಾಳೆಗಳನ್ನು ಕೈಗೆತ್ತಿಕೊಂಡಳು.

“ನಾ ಹೋಗಿ ಬರ್ತೀನಿ ಬಿಡ್ರಿ. ನಿಮ್ಮ ಪರವಾಗಿ ಹೋಗೋದು ನನಗ ರೂಢಿ ಅದ.” ಹಾಳೆ ತಿರುವಿ ನೋಡಿದಳು. “ಪ್ರತಿನಿಧಿ ಕಳಸವ ದುಃಖ ಕಳಸಂಗಿಲ್ಲ, ರಸೀದಿ ಕಳಸ್ತಾನ ಅಂತ ಬರದೀರಿ ಇದರಾಗ. ಈ ಸಾಲು ಓದಲೋ, ಬಿಡಲೋ?”

“ಓದು” ಎಂದ.

“ಮಂದಿ ನಗತಾರ.”

“ನಗಲಿ.”

ಅವಳು ಸೆರಗು ಸರಿ ಮಾಡಿಕೊಂಡು ಹೋದಳು. ದೌಲಪ್ಪನನ್ನು ಎಬ್ಬಿಸಿದ ಸದ್ದು, ಕ್ರೂಸರ್ ತಿರುಗಿದ ಸದ್ದು ಕೇಳಿಸಿತು. ಹಾರ ಹಾಕಿದ ಅವನ ಮುಖದ ಕೆಳಗೆ ನಿಂತು, ಖುದ್ದು ಹಾಜರಿ ಯಾಕೆ ಮುಖ್ಯ ಎಂದು ಅವಳು ಊರಿಗೆ ಓದಿ ಹೇಳುವಳು. ಬಂದವರಲ್ಲಿ ಅರ್ಧ ಜನ ಅವಳನ್ನು ವಿಧವೆ ಎಂದು ತಿಳಿದು ಕಣ್ಣೊರೆಸಿಕೊಳ್ಳುವರು. ಫೋನು ಇನ್ನೊಮ್ಮೆ ಅಲುಗಾಡಿತು. ಅವನು ಅದನ್ನು ಮಗುಚಿ ಹಾಕಿದ.

ಎದುರಿಗೆ ಕೂಡ್ರದೆ, ಸಣ್ಣವನಿದ್ದಾಗ ಕೂಡ್ರುತ್ತಿದ್ದ ಹಾಗೆ ಅಣ್ಣನ ಮಗ್ಗುಲಿಗೆ ಕೂತ. ಇಬ್ಬರೂ ಗೋಡೆ ನೋಡಿದರು. ನಾಲಿಗೆಗೆ ಒಂದರ ಹಿಂದೊಂದು ವಾಕ್ಯ ಬಂತು, ಎಲ್ಲವೂ ಛಲೋ ಇದ್ದವು, ಒಂದೆರಡು ಪತ್ರಿಕೆಗೆ ಕಳಿಸುವಷ್ಟು ಛಲೋ ಇದ್ದವು. ಒಂದನ್ನೂ ಆಡಲಿಲ್ಲ. ಮೌನ ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ಅದರಲ್ಲಿ ಫ್ಯಾನಿನ ಸದ್ದಿತ್ತು, ಒಳಗೆ ಹಣಮಮ್ಮನ ಗೊರಕೆಯಿತ್ತು, ಅಣ್ಣನ ಅಂಗಿಯ ಬೆವರಿನ ವಾಸನೆಯಿತ್ತು. ಬಿಸಿಲು ಜಮಖಾನದಿಂದ ಇಳಿದು ಹೊಸ್ತಿಲಿಗೆ ಹೋಯಿತು.

“ಹ್ಯಾಂಗಾತಣ್ಣಾ?” ಎಂದ ಪ್ರೇಮಕುಮಾರ.

ಪೀರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಹಾಕಿಕೊಂಡ. ಅದನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

“ಏನಿಲ್ಲೋ” ಎಂದ. “ಮುಂಜಾನೆ ಛಲೋ ಇದ್ಲು. ನಸಕಿನ್ಯಾಗ ಎದ್ದು ರೊಟ್ಟಿ ಬಡದ್ಲು. ಇಷ್ಟ್ಯಾಕ ಅಂದೆ. ದಿಲ್ಲಿಗಿ ಹೋಗೋದಕ್ಕ ಮೊದಲ ಮನಿಗಿ ಬಂದು ಹೋಗ್ತೀನಿ ಅಂತ ಪ್ರೇಮ ಫೋನ್‌ದಾಗ ಅಂದಾನ, ರೈಲಿನ್ಯಾಗ ಉಣ್ಣಾಕ ಕಟ್ಟಿಕೊಡ್ತೀನಿ ಅಂದ್ಲು. ಕಟ್ಟಿಟ್ಟು, ಬಾಗಲದಾಗ ಕುಂತ್ಲು, ಬಸ್ಸಿನ ಹಾದಿ ನೋಡಕೋತ…”

ಪೀರಪ್ಪ ನಿಲ್ಲಿಸಿದ. ಇಂಥಲ್ಲಿ ಬಂದವರು ಏನು ಮಾಡಬೇಕೆಂಬುದು ಪ್ರೇಮಕುಮಾರನಿಗೆ ನೆನಪಿತ್ತು.

“ಆಮ್ಯಾಗ?” ಎಂದ.